ಕತ್ತಾಳೆ ನಾರಿನ ಅಕ್ಕಯ್ಯ

ಮದುವೆಯಾಗಿ ಹೊಳೆನರಸೀಪುರದಿಂದ ಈ ಊರಿಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ತಡೆಯಲಾರದ ನಾತ. ಎಲ್ಲೋ ಹೆಗ್ಗಣ ಸತ್ತು ಕೊಳೆತಿರಬೇಕೆಂದು ಮನೆಯ ಮೂಲೆ ಮೂಲೆ ಗುಡಿಸಿದೆ, ಅಟ್ಟ ಹತ್ತಿ ನೋಡಿದೆ. ಅತ್ತೆಯನ್ನು ಕೇಳಲು ಸಂಕೋಚ. ಕೊನೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಬೀದಿಗೆ ಬಂದಾಗ, ಎದುರುಮನೆಯ ಜಗಲಿಯ ಮೇಲೆ ಕೂತಿದ್ದ ಹೆಂಗಸೊಬ್ಬಳು ಗಟ್ಟಿಯಾಗಿ ನಕ್ಕಳು.

"ಇಲಿ ಉಡುಕ್ತಿದ್ದೀಯೇನವ್ವ? ಅದು ಇಲಿಯಲ್ಲ ಕಣೆ, ನಂದು. ಕಟ್ಟೇಲಿ ಕತ್ತಾಳೆ ಕೊಳೆ ಆಕಿವ್ನಿ. ಇನ್ನೊಂದು ವಾರ ಮೂಗು ಮುಚ್ಕೊ. ಆಮೇಲೆ ಕರ್ಕೊಂಡೋಗಿ ತೋರುಸ್ತೀನಿ, ನೋಡೀವಂತೆ."

ಹೇಳಿದಂತೆ ವಾರ ಕಳೆದ ಮೇಲೆ ಊರಾಚೆಯ ನೀರಿನ ಕಟ್ಟೆಗೆ ಕರೆದುಕೊಂಡು ಹೋದಳು. ಮೊಣಕಾಲುದ್ದ ನೀರಿಗಿಳಿದು, ಕಲ್ಲು ಹೇರಿ ಮುಳುಗಿಸಿಟ್ಟಿದ್ದ ಕಂತೆಗಳನ್ನು ಒಂದೊಂದಾಗಿ ಎಳೆದು ತೆಗೆದಳು. ಕಪ್ಪಗೆ, ಲೋಳೆಲೋಳೆಯಾಗಿತ್ತು. ಅದನ್ನು ಬಟ್ಟೆ ಒಗೆಯುವ ಹಾಗೆ ಬಂಡೆಗೆ ಎತ್ತಿ ಎತ್ತಿ ಬಡಿದಳು. ಕೊಳೆತ ತಿರುಳೆಲ್ಲ ನೀರಿನಲ್ಲಿ ಬಿಟ್ಟುಹೋಗಿ, ಬಡಿದಷ್ಟೂ ಬೆಳ್ಳಗೆ, ಉದ್ದುದ್ದ ಎಳೆ ಎಳೆಯಾಗಿ ನಾರು ಹೊರಬಂತು. ಒದ್ದೆ ನಾರಿನ ಒಂದು ಹಿಡಿಯನ್ನು ನನ್ನ ಕೈಗಿಟ್ಟು, "ಮುದುಕೀರ ತಲೆಕೂದ್ಲಂಗೆ ಇಲ್ವಾ?" ಎಂದಳು. ಆಗ ಅವಳ ತಲೆಯಲ್ಲಿ ಒಂದು ಬಿಳಿ ಎಳೆಯೂ ಇರಲಿಲ್ಲ. ಜಡೆಗೆ ಕನಕಾಂಬರ ಮುಡಿದು ನೀರಿಗೆ ಇಳಿದಿದ್ದಳು.

ಅವಳ ಸೊಂಟಕ್ಕೆ ಒಂದು ಹಗ್ಗ ಕಟ್ಟಿದ್ದನ್ನು ನಾನು ಆಮೇಲೆ ಗಮನಿಸಿದೆ. ಅದರ ಇನ್ನೊಂದು ತುದಿ ದಡದ ಮೇಲೆ, ಹೊಂಗೆಮರದ ಕೆಳಗೆ ಕೂತಿದ್ದ ದೊಡ್ಡ ಆಳೊಬ್ಬನ ಸೊಂಟದಲ್ಲಿತ್ತು. ಗಡ್ಡ ಮೀಸೆ ಬಂದ ಗಂಡಸು, ಹೊಂಗೆ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ ಆಡುತ್ತಿದ್ದ.

"ನನ್ ತಮ್ಮ," ಎಂದಳು. "ನೀರು ಕಂಡ್ರೆ ಸಾಕು, ಸೀದಾ ನಡ್ಕೊಂಡು ಒಳೀಕೋಯ್ತಾನೆ. ಆಳ ಗೊತ್ತಾಗಕಿಲ್ಲ ಅವುನ್ಗೆ. ಅದಕ್ಕೇ ಹಿಂಗೆ."

ಊರೆಲ್ಲ ಅವನನ್ನು ತಮ್ಮಯ್ಯ ಎನ್ನುತ್ತಿತ್ತು. ಅವಳನ್ನು ನಾನು ಅಕ್ಕಯ್ಯ ಎಂದು ಕರೆಯತೊಡಗಿದೆ. ನಮ್ಮೂರು ಬಾಗೂರಿನಿಂದ ನುಗ್ಗೇಹಳ್ಳಿಯ ಕಡೆಗಿದೆ. ನಾನು ಬಾಗೂರಿನ ಸ್ಕೂಲಿನಲ್ಲಿ ಪಾಠ ಹೇಳುವವಳಾದ್ದರಿಂದ ಅಕ್ಕಯ್ಯ ನನ್ನನ್ನು ಮೊದಮೊದಲು ಚೇಷ್ಟೆಗೆ, ಆಮೇಲೆ ಅಭ್ಯಾಸಕ್ಕೆ ಬಿದ್ದು ಟೀಚ್ರಮ್ಮ ಎನ್ನುತ್ತಿದ್ದಳು. ಹೋದ ತಿಂಗಳು ಅವಳನ್ನು ಮಣ್ಣು ಮಾಡಿ ಬಂದೆವು. ಅಂದಿನಿಂದ ಬೆಳಿಗ್ಗೆ ಬಾಗಿಲು ತೆಗೆಯುವಾಗ ಎದುರುಮನೆಯ ಕಡೆ ನೋಡದೆ ಇರಲು ನನಗೆ ಆಗುತ್ತಿಲ್ಲ.

ಅವಳ ಕೈ ನೆನಪಾಗುತ್ತದೆ. ಕತ್ತಾಳೆ ಪಟ್ಟೆಯ, ಆ ದಪ್ಪ ಎಲೆಯ, ರಸ ಬಿದ್ದರೆ ಮೈಯೆಲ್ಲ ನವೆ. ಅದನ್ನೇ ವರ್ಷಗಟ್ಟಲೆ ಕುಯ್ದು, ಮುಳ್ಳು ಸವರಿ, ಸೀಳಿ, ಬಡಿದು, ನಾರನ್ನು ತೊಡೆಯ ಮೇಲೆ ಹೊಸೆದು ಹೊಸೆದು ಅಂಗೈ ಎಂಬುದು ಮರದ ತೊಗಟೆಯಾಗಿತ್ತು. ದಿನಾ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ನನ್ನ ಮಗಳು ಹುಟ್ಟಿದಾಗ ತೊಟ್ಟಿಲಿಗೆ ಅವಳೇ ಹಗ್ಗ ಮಾಡಿಕೊಟ್ಟಳು. ಕೂಸನ್ನು ನೋಡಲು ಬಂದು ಕೆನ್ನೆ ಮುಟ್ಟಿದರೆ ಕೂಸು ಕಿಟಾರನೆ ಕಿರುಚಿತು. ಅಕ್ಕಯ್ಯ ಕೈ ಹಿಂದಕ್ಕೆ ತೆಗೆದುಕೊಂಡು ತನ್ನ ಅಂಗೈಯನ್ನೇ ಒಂದು ಗಳಿಗೆ ನೋಡಿದಳು. ಅಲ್ಲಿಂದ ಮುಂದೆ ಯಾರ ಮಕ್ಕಳನ್ನು ಮುಟ್ಟಿದರೂ ಕೈಯ ಹಿಂಬದಿಯಿಂದ ಮುಟ್ಟುತ್ತಿದ್ದಳು.

ಅವಳನ್ನು ಅರಕಲಗೂಡಿನ ಕಡೆಗೆ, ಹೊಗೆಸೊಪ್ಪು ಬೆಳೆಯುವ ಮನೆಗೆ ಕೊಟ್ಟಿದ್ದರಂತೆ. ಅಪ್ಪ ಮೊದಲೇ ಇಲ್ಲ. ತಾಯಿ ತೀರಿಕೊಂಡಾಗ ತಿಥಿಗೆಂದು ಬಂದವಳು ತಿರುಗಿ ಹೋಗಲಿಲ್ಲ. ತಮ್ಮಯ್ಯನಿಗೆ ಹುಟ್ಟಿನಿಂದ ಬುದ್ಧಿ ಬೆಳೆದಿರಲಿಲ್ಲ, ಮಾತು ಬಂದಿರಲಿಲ್ಲ. ಕೈತುತ್ತು ಹಾಕಿದರೆ ಉಣ್ಣುತ್ತಿದ್ದ, ಇಲ್ಲದಿದ್ದರೆ ತಟ್ಟೆ ನೋಡುತ್ತ ಕೂರುತ್ತಿದ್ದ. ಅವನನ್ನು ಕರೆದುಕೊಂಡು ಬರುವುದಾದರೆ ಬರುತ್ತೇನೆಂದು ಇವಳು ಹೇಳಿಕಳಿಸಿದಳು. ಅದು ಆಗುವುದಿಲ್ಲವೆಂದು ಅಲ್ಲಿಂದ ಬಂತು. ಕೊನೆಗೆ ಗಂಡನೇ ಒಂದು ದಿನ ಬಂದ. ಆ ಕಥೆಯನ್ನು ಅವಳು ನಮ್ಮ ಜಗಲಿಯಲ್ಲಿ ನಾರು ಬಾಚುತ್ತ ಹೇಳಿದ್ದು ಹೀಗೆ:

"ಯಾವ್ದಾದ್ರೂ ದೊಡ್ಡ ದೇವಸ್ಥಾನದ ತಾವು ಬುಟ್ಬುಟ್ಟು ಬಾ, ಊಟಕ್ಕೇನೂ ಕಮ್ಮಿ ಇರಕಿಲ್ಲ ಅಂದ ಕಣೆ. ಕೋಳಿ ಕುಯ್ದು ಸಾರು ಮಾಡಿ ಇಕ್ದೆ. ಉಂಡ. ಓಗವಾಗ, ಮನೇಲಿ ಎಮ್ಮೆ ಕರ ಆಕೈತೆ, ಒಂದು ಕಣ್ಣಿ ಇದ್ರೆ ಕೊಡು ಅಂದ. ಅಲ್ಲೇ ಕೂತ್ಕೊಂಡು ಹೊಸ್ದು ಕೊಟ್ಟೆ. ಇಸ್ಕೊಂಡು ಓದ."

"ಅಷ್ಟೇನಾ?"

"ಇನ್ನೇನು? ಬ್ಯಾರೆ ಮದ್ವೆ ಆದ. ಕಣ್ಣಿ ಮಾತ್ರ ಬಾಳ ದಿನ ಬಂತಂತೆ." ಎಂದು ತಲೆ ಹಿಂದಕ್ಕೆ ಹಾಕಿ ನಕ್ಕಳು. ಆ ನಗುವಿಗೆ ನಾನೂ ನಕ್ಕೆ. ಒಳಗೆ ಹೋದ ಮೇಲೆ ನನಗೆ ಅಳು ಬಂತು.

ದನದ ಕೊರಳಿಗೆ ಕಟ್ಟುವ ಆ ಕಣ್ಣಿಗಳೇ ಅವಳ ಜೀವನ. ಜೊತೆಗೆ ಬಾವಿಹಗ್ಗ, ಹುಲ್ಲು ಹೊರೆ ಕಟ್ಟುವ ಹಗ್ಗ. ನೈಲಾನು ಬಂದ ಮೇಲೂ ನಮ್ಮ ಕಡೆ ಎಳೆಗರುವಿಗೆ ಕತ್ತಾಳೆ ಕಣ್ಣಿಯೇ ಬೇಕು. ನೈಲಾನು ಕೊರಳು ಕುಯ್ಯುತ್ತದೆ. ಸಣ್ಣ ಹುರಿಯನ್ನು ಒಬ್ಬರೇ ಹೊಸೆಯಬಹುದು. ಹಗ್ಗಕ್ಕೆ ಇಬ್ಬರು ಬೇಕು. ಒಬ್ಬರು ಒಂದು ತುದಿಯಲ್ಲಿ ಹುರಿಗಳನ್ನು ಸಿಕ್ಕಿಸಿದ ಮರದ ತಿರುಗಣಿಯನ್ನು ತಿರುಗಿಸುತ್ತಿರಬೇಕು, ಇನ್ನೊಬ್ಬರು ಆ ಕಡೆಯಿಂದ ಹುರಿಗಳು ಒಂದಕ್ಕೊಂದು ಸುತ್ತಿಕೊಳ್ಳುವಂತೆ ಬಿಗಿ ಹಿಡಿದು ನಡೆದು ಬರಬೇಕು. ತಿರುಗಿಸುವ ಕೈ ಒಮ್ಮೆ ಜೋರು ಒಮ್ಮೆ ನಿಧಾನ ಆದರೆ ಹಗ್ಗ ಗಂಟುಗಂಟಾಗುತ್ತದೆ. ತಮ್ಮಯ್ಯನಿಗೆ ಪ್ರಪಂಚದಲ್ಲಿ ಬರುತ್ತಿದ್ದದ್ದು ಅದೊಂದೇ ಕೆಲಸ, ಅದು ಮಾತ್ರ ಅವನಷ್ಟು ಚೆನ್ನಾಗಿ ಊರಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅಕ್ಕಯ್ಯನ ಮುಖವನ್ನೇ ನೋಡುತ್ತ, ಬಾಯಿ ಅರ್ಧ ತೆರೆದು, ಒಂದೇ ಹದದಲ್ಲಿ ತಿರುಗಿಸುತ್ತಿದ್ದ. ಸಂಜೆ ಬೀದಿಯುದ್ದಕ್ಕೂ ಹುರಿ ಕಟ್ಟಿಕೊಂಡು ಇಬ್ಬರೂ ನಿಂತರೆ ಬಸ್ಸಿನಿಂದ ಇಳಿದು ಬರುವವರು ಬಗ್ಗಿ ದಾಟಿ ಹೋಗುತ್ತಿದ್ದರು. "ಸಾಕು ಕಣಪ್ಪ" ಎಂದು ಅವಳು ಹೇಳಿದರೆ ನಿಲ್ಲಿಸಿ, ಎರಡೂ ಕೈಯಿಂದ ಚಪ್ಪಾಳೆ ತಟ್ಟಿಕೊಳ್ಳುತ್ತಿದ್ದ.

ಉಳಿದ ಹೊತ್ತು ಅವನ ಸೊಂಟಕ್ಕೆ ಹಗ್ಗ ಇರುತ್ತಿತ್ತು. ಅವಳು ಹೊಲದ ಬದುವಿಗೆ ಕತ್ತಾಳೆ ಕುಯ್ಯಲು ಹೋದಾಗ ಜಗಲಿಯ ಕಂಬಕ್ಕೆ, ಕಟ್ಟೆಗೆ ಹೋದಾಗ ತನ್ನ ಸೊಂಟಕ್ಕೆ. ಚಿಕ್ಕವನಿದ್ದಾಗ ಒಮ್ಮೆ ಕೆರೆಯಿಂದ, ದೊಡ್ಡವನಾದ ಮೇಲೆ ಒಮ್ಮೆ ಬಾವಿಯಿಂದ ಅವನನ್ನು ಎತ್ತಿದ್ದನ್ನು ನೋಡಿದವರು ಊರಿನಲ್ಲಿ ಈಗಲೂ ಇದ್ದಾರೆ. ಮನೆಯ ಮುಂದೆಯೇ ಬಸ್ಸಿನ ರಸ್ತೆ ಬೇರೆ. ಮೈಗೆ ತಾಕುವಷ್ಟು ಉದ್ದಕ್ಕೆ ಹಗ್ಗದ ಮೇಲೆ ಹಳೇ ಸೀರೆಯ ಬಟ್ಟೆ ಸುತ್ತಿ ಹೊಲಿದಿದ್ದಳು. ಆ ಹಗ್ಗಕ್ಕೆಂದು ಎಳೇ ಪಟ್ಟೆಯ ನಾರನ್ನು ಬೇರೆ ತೆಗೆದಿಡುತ್ತಿದ್ದಳು. ನಮಗೆ ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ಬೀದಿಯಲ್ಲಿ ಹೊಂಗೆಮರ ಇದ್ದ ಹಾಗೆ, ಜಗಲಿಯಲ್ಲಿ ತಮ್ಮಯ್ಯ ಇರುತ್ತಿದ್ದ.

ನಾಲ್ಕು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಒಂದು ಗೃಹಪ್ರವೇಶಕ್ಕೆ ಬಂದಿದ್ದ ಯಾರೋ ಹುಡುಗರು ಅವನ ವಿಡಿಯೋ ತೆಗೆದುಕೊಂಡು ಹೋದರು. ಎರಡು ದಿನದ ಮೇಲೆ ಸ್ಟಾಫ್ ರೂಮಿನಲ್ಲಿ ಜೊತೆಯ ಮೇಷ್ಟ್ರೊಬ್ಬರು ಫೋನು ಹಿಡಿದು, "ಮೇಡಂ, ಇದು ನಿಮ್ಮೂರಂತಲ್ಲ, ನೋಡಿದ್ರಾ?" ಎಂದರು. ತಮ್ಮಯ್ಯ ಕಂಬದ ಸುತ್ತ ನಡೆಯುತ್ತಿದ್ದಾನೆ. ಹಿಂದೆ ದುಃಖದ ಸಂಗೀತ. ಸ್ವಂತ ತಮ್ಮನನ್ನು ದನದ ಹಾಗೆ ಕಟ್ಟಿಹಾಕಿದ ರಾಕ್ಷಸಿ ಎಂದು ಅದರ ಮೇಲೆ ಬರೆದಿತ್ತು. ಕೆಳಗೆ ಜನ ಬರೆದದ್ದನ್ನು ನಾನಿಲ್ಲಿ ಹೇಳಲಾರೆ. ನಿಜ ಏನೆಂದು ಅಲ್ಲಿದ್ದವರಿಗೆಲ್ಲ ಹೇಳಿದೆ. ಕೇಳಿಸಿಕೊಂಡವರು ಆ ರೂಮಿನಲ್ಲಿದ್ದ ನಾಲ್ಕೈದು ಜನ ಮಾತ್ರ.

ಬೇರೆ ಯಾರೋ ಹೇಳಿ ಅವಳಿಗೆ ಗೊತ್ತಾಗುವ ಮೊದಲು ನಾನೇ ಹೇಳಬೇಕೆಂದು ಸಂಜೆ ಅವಳ ಮನೆಗೆ ಹೋಗಿ ತೋರಿಸಿದೆ. ಅಕ್ಕಯ್ಯ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ನೋಡುತ್ತ ಅವಳ ಮುಖ ಅರಳಿತು.

"ಅಯ್ಯ, ಎಷ್ಟು ಚೆನ್ನಾಗಿ ಬಿದ್ದವ್ನೆ ನೋಡು! ಬಾರೋ ತಮ್ಮಯ್ಯ, ನೋಡು ಬಾ ನಿನ್ನ." ಅವನ ಒಂದು ಫೋಟೋವನ್ನೂ ಅದುವರೆಗೆ ಯಾರೂ ತೆಗೆದಿರಲಿಲ್ಲ. ಇನ್ನೊಂದು ಸಲ ಹಾಕಿಸಿ ನೋಡಿದಳು. ಆಮೇಲೆ, "ಅದೇನೋ ಬರ್ದವ್ರಲ್ಲ, ಏನದು?" ಎಂದಳು.

ಹೇಳಿದೆ. ಮೆಲ್ಲಗೆ ಫೋನು ವಾಪಸ್ಸು ಕೊಟ್ಟು, ಒಲೆಯ ಮುಂದೆ ಕೂತು, ಆಗಲೇ ಚೆನ್ನಾಗಿ ಉರಿಯುತ್ತಿದ್ದ ಒಲೆಗೆ ಊದುತ್ತ ಇದ್ದುಬಿಟ್ಟಳು.

ಮುಂದಿನ ವಾರ ಹಾಸನದಿಂದ ಜೀಪು ಬಂತು. ಒಬ್ಬ ಹೆಣ್ಣುಮಗಳು ಆಫೀಸರು, ಒಬ್ಬ ಕಾನ್‌ಸ್ಟೇಬಲ್, ಇನ್ನೊಬ್ಬರು ಆಶ್ರಮದವರು. ಆ ಹುಡುಗಿ ಕೆಟ್ಟವಳೇನಲ್ಲ. ಜಗಲಿಯಲ್ಲಿ ಅಕ್ಕಯ್ಯನ ಪಕ್ಕದಲ್ಲೇ ಕೂತು ಮಾತಾಡಿದಳು.

"ನೋಡಮ್ಮ, ಮನುಷ್ಯನನ್ನ ಹಗ್ಗದಲ್ಲಿ ಕಟ್ಟಿಹಾಕೋ ಹಾಗಿಲ್ಲ."

"ಕಟ್ಟದಿದ್ರೆ ನೀರಿಗೋಯ್ತಾನೆ ಕಣವ್ವ. ಊರ್ನವ್ರನ್ನ ಕೇಳು."

"ಗೊತ್ತಾಯ್ತು. ಆದರೂ ಕಾನೂನು ಅಂತ ಇದೆಯಲ್ಲ. ಹಾಸನದ ಆಶ್ರಮಕ್ಕೆ ಕರ್ಕೊಂಡು ಹೋಗ್ತೀವಿ. ಅಲ್ಲಿ ಸುತ್ತ ಕಾಂಪೌಂಡ್ ಇದೆ, ನೋಡಿಕೊಳ್ಳೋರಿದ್ದಾರೆ, ಡಾಕ್ಟರ್ ಬರ್ತಾರೆ. ನೀವು ಯಾವಾಗ ಬೇಕಾದರೂ ಬಂದು ನೋಡಬಹುದು."

"ನಾನೇನು ಸಾಕಾಕಾಗಕಿಲ್ಲ ಅಂದ್ನಾ? ಯಾರ್ನಾದ್ರೂ ಕೇಳಿದ್ನಾ, ಇವ್ನನ್ನ ಕರ್ಕೊಂಡೋಗ್ರಪ್ಪ ಅಂತ?"

ಬೀದಿಯ ಜನ ನಿಂತು ನೋಡುತ್ತಿದ್ದರು. ವಿಡಿಯೋ ಆದ ಮೇಲೆ ಪೊಲೀಸು ಕಂಡರೆ ಎಲ್ಲರಿಗೂ ಭಯ. ನಾನು ಮಾತಾಡಿದೆ, ಅತ್ತೆ ಮಾತಾಡಿದರು. ಮೇಲಿನಿಂದ ಆರ್ಡರ್ ಆಗಿದೆ ಮೇಡಂ ಎಂದು ಆ ಹುಡುಗಿ ಕೈಮುಗಿದಳು. ಕಾನ್‌ಸ್ಟೇಬಲ್ ಕುಡುಗೋಲು ಕೇಳಿ ತಂದು ಹಗ್ಗಕ್ಕೆ ಇಟ್ಟಾಗ ಅಕ್ಕಯ್ಯ ಎದ್ದು ಅವನ ಕೈ ಹಿಡಿದಳು. "ಕುಯ್ಬ್ಯಾಡಿ ಸಾ. ಬೆದರ್ತಾನೆ. ನಾನೇ ಬಿಚ್ತೀನಿ." ಬಗ್ಗಿ ಗಂಟು ಬಿಚ್ಚಿದಳು. ತಮ್ಮಯ್ಯ ಜೀಪು ಹತ್ತಿದ್ದು ಸಂತೋಷದಿಂದಲೇ; ಅದುವರೆಗೆ ಅವನು ಯಾವತ್ತೂ ಜೀಪು ಹತ್ತಿದವನೇ ಅಲ್ಲ. ಅಕ್ಕಯ್ಯ ಡಬ್ಬಿಯಲ್ಲಿ ಮುದ್ದೆ ಸಾರು ಹಾಕಿ ತಂದು ಆ ಹುಡುಗಿಯ ಕೈಗಿಟ್ಟಳು. "ತಾನಾಗಿ ಉಣ್ಣಾಕೆ ಬರಕಿಲ್ಲ ಅವುನ್ಗೆ. ಸಣ್ಣ ತುತ್ತು ಮಾಡಿ ತಿನ್ನುಸ್ಬೇಕು. ಯೋಳವ್ವ ಅವ್ರಿಗೆ. ಮರೀಬ್ಯಾಡ."

ಜೀಪು ಹೊರಟಾಗ ಅದು ನುಗ್ಗೇಹಳ್ಳಿ ದಾರಿಯ ತಿರುವಿನಲ್ಲಿ ಕಾಣದಾಗುವವರೆಗೂ ಅವಳು ರಸ್ತೆ ಮಧ್ಯೆ ನಿಂತಿದ್ದಳು. ಹಿಂದೆ ಬಂದ ಬಸ್ಸಿನವನು ಹಾರನ್ ಹೊಡೆದು ಹೊಡೆದು ಕೊನೆಗೆ ತಾನೇ ಬಳಸಿಕೊಂಡು ಹೋದ.

ಮೊದಲ ಭಾನುವಾರವೇ ಹೋದಳು. ತಮ್ಮಯ್ಯ ಅವಳ ಸೀರೆ ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಬಿಡಿಸಿ ಕಳಿಸುವುದು ನಾಲ್ಕು ಜನಕ್ಕೆ ಕಷ್ಟವಾಯಿತಂತೆ. ಆಶ್ರಮದವರು, ಅವನು ಹೊಂದಿಕೊಳ್ಳಲಿ, ಸ್ವಲ್ಪ ತಿಂಗಳು ನೀವು ಬರಬೇಡಿ ಎಂದರು. ಆಗ ಅವಳು ನನ್ನನ್ನು ಕರೆದುಕೊಂಡು ಆ ಆಫೀಸರನ್ನು ಹುಡುಕಿ ಹೋದಳು. ಕಟ್ಟಿಹಾಕದೆ ನೋಡಿಕೊಳ್ಳುವಂಥ ಭದ್ರವಾದ ಜಾಗ ಮನೆಯಲ್ಲಿದ್ದರೆ ಡಾಕ್ಟರನ್ನು ಕೇಳಿ ಕಳಿಸಬಹುದು, ಒಂದು ಕಾಂಪೌಂಡಾದರೂ ಬೇಕಲ್ಲಮ್ಮ ಎಂದು ಆ ಹುಡುಗಿ ಹೇಳಿದಳು. ಅಷ್ಟು ಸಾಕಾಯಿತು.

ದೀಪಾವಳಿ ಕಳೆದ ಮೇಲೆ ಶುರುವಾದ ಗೋಡೆ ಯುಗಾದಿಯ ಹೊತ್ತಿಗೆ ಮುಗಿಯಿತು. ಬಾಗೂರಿನಿಂದ ಗಾರೆ ಕೆಲಸದವನು ಬಂದ. ಅಂದು ಬಾಯಿ ಬಿಡದೆ ನಿಂತಿದ್ದ ಜನವೇ ಟ್ರ್ಯಾಕ್ಟರಿನಲ್ಲಿ ಕಲ್ಲು ತಂದು ಸುರಿದರು. ಮರಳು ಜರಡಿ ಹಿಡಿದದ್ದು, ನೀರು ಹೊತ್ತದ್ದು, ಕಟ್ಟಿದ ಗೋಡೆಗೆ ಸಂಜೆ ಬೆಳಿಗ್ಗೆ ನೀರು ಹಾಕಿದ್ದು ಎಲ್ಲ ಅವಳೇ. ಮನೆಯ ಹಿಂದಿನಿಂದ ಹಿಡಿದು ಮುಂದಿನ ಹೊಂಗೆಮರವನ್ನೂ ಒಳಗೆ ಸೇರಿಸಿ, ತಮ್ಮಯ್ಯನ ತಲೆಗಿಂತ ಎತ್ತರಕ್ಕೆ ಕಟ್ಟಿಸಿದಳು. ಕಬ್ಬಿಣದ ಗೇಟು, ಅದಕ್ಕೆ ಹೊರಗಡೆಯಿಂದ ಚಿಲಕ. ಆಫೀಸರು ಬಂದು ನೋಡಿ, "ಪರವಾಗಿಲ್ಲ ಅಮ್ಮ, ನೀವು ಗಟ್ಟಿಗರು" ಎಂದಳು. ಕರೆದುಕೊಂಡು ಹೋಗಲು ಒಪ್ಪಿಗೆಯಾಯಿತು.

ಆ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಅಕ್ಕಯ್ಯ ಹೊಸ ಸೀರೆ ಉಟ್ಟಿದ್ದಳು, ಎಷ್ಟೋ ತಿಂಗಳ ಮೇಲೆ ಹೂ ಮುಡಿದಿದ್ದಳು. ಬಸ್ಸು ಚನ್ನರಾಯಪಟ್ಟಣ ಬಿಟ್ಟು ಹಾಸನ ಸೇರುವವರೆಗೂ ತೊಡೆಯ ಮೇಲೆ ತಮ್ಮಯ್ಯನಿಗೆಂದು ತಂದ ನೀಲಿ ಅಂಗಿಯ ಪೊಟ್ಟಣ ಇಟ್ಟುಕೊಂಡು, ಇವತ್ತು ಏನು ಸಾರು ಮಾಡುತ್ತೇನೆ, ನಾಳೆ ಯಾವ ಹುರಿ ಕಟ್ಟುತ್ತೇನೆ ಎಂದು ಒಂದೇ ಸಮನೆ ಮಾತಾಡಿದಳು.

ತಮ್ಮಯ್ಯ ಅವಳನ್ನು ಕಂಡ ಕೂಡಲೇ ಓಡಿಬಂದ. ತಲೆ ಬೋಳಿಸಿದ್ದರು, ಮೈ ತುಂಬಿಕೊಂಡಿತ್ತು, ಕಾಲಲ್ಲಿ ಚಪ್ಪಲಿ. ಅವಳ ಕೈ ಹಿಡಿದು ಎಳೆದುಕೊಂಡು ಹೋಗಿ ತನ್ನ ಮಂಚ ತೋರಿಸಿದ, ಮಡಿಸಿಟ್ಟ ಹೊದಿಕೆ ತೋರಿಸಿದ, ಜೊತೆಯವರೊಬ್ಬರನ್ನು ತಂದು ಅವಳ ಮುಂದೆ ನಿಲ್ಲಿಸಿದ. ಊಟದ ಹೊತ್ತಾಗಿತ್ತು. ತಾನೇ ತಟ್ಟೆ ತೆಗೆದುಕೊಂಡು ಸಾಲಿನಲ್ಲಿ ಕೂತು, ಅನ್ನ ಕಲಸಿಕೊಂಡು, ಬೇಗಬೇಗ ಉಂಡ. ತುತ್ತು ಕೊಡಲೆಂದು ಪಕ್ಕದಲ್ಲಿ ಕೂತಿದ್ದ ಅಕ್ಕಯ್ಯ ಕೈ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು.

"ಯಾವಾಗ ಕಲ್ತ?" ಎಂದು ಅಲ್ಲಿನವರನ್ನು ಕೇಳಿದಳು.

"ಅಯ್ಯೋ, ಬಂದು ಒಂದು ತಿಂಗಳಿಗೇ ಕಲ್ತನಲ್ಲಮ್ಮ."

ನೀಲಿ ಅಂಗಿ ಮೈಗೆ ಸಾಲಲಿಲ್ಲ. ಗುಂಡಿ ಹಾಕದೆ ಹಾಗೇ ತೊಡಿಸಿದಳು. ಬರೆದು ಕೊಡುವುದೆಲ್ಲ ಮುಗಿದು, ಗೇಟಿನ ಹೊರಗೆ ಆಟೋ ನಿಂತಿತ್ತು. ಅಂಗಳದುದ್ದಕ್ಕೂ ಅವಳ ಕೈ ಹಿಡಿದು ಬಂದ ತಮ್ಮಯ್ಯ ಗೇಟಿನ ಹತ್ತಿರ ನಿಂತುಬಿಟ್ಟ.

"ಬಾರಪ್ಪ, ಮನೆಗೋಗವ. ಗ್ವಾಡೆ ಕಟ್ಸಿವ್ನಿ ಕಣೋ. ಇನ್ನು ನಿನ್ನ ಕಟ್ಟಾಕಕಿಲ್ಲ. ಬಾ ನನ್ನಪ್ಪ."

ಅವನು ಅವಳ ಮುಖ ನೋಡಿದ. ಮೆಲ್ಲಗೆ ಅವಳ ಕೈಯೊಳಗಿಂದ ತನ್ನ ಕೈ ಬಿಡಿಸಿಕೊಂಡ. ಎರಡು ಕೈಯನ್ನೂ ತನ್ನ ಸೊಂಟದ ಸುತ್ತ ಒತ್ತಿ ಹಿಡಿದುಕೊಂಡು ಹಿಂದಕ್ಕೆ ಹೆಜ್ಜೆ ಇಟ್ಟ. ಆಮೇಲೆ ತಿರುಗಿ ಒಳಗೆ ಹೋದ. ಓಡಲಿಲ್ಲ, ಅಳಲಿಲ್ಲ. ಸೊಂಟ ಹಿಡಿದುಕೊಂಡೇ ನಡೆದುಹೋದ.

ನಾನು ನೋಡಿದೆ. ಅಕ್ಕಯ್ಯನೂ ನೋಡಿದಳು.

"ಎಳ್ಕೊಂಡು ಬರ್ತೀನಿ ತಾಳಮ್ಮ, ಮನೆಗೆ ಹೋದ್ರೆ ಸರಿಹೋಗ್ತಾನೆ," ಎಂದ ಅಲ್ಲಿ ಕೆಲಸಕ್ಕಿದ್ದವನು.

"ಬ್ಯಾಡ," ಎಂದಳು. "ಎಳೀಬ್ಯಾಡಿ."

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಚನ್ನರಾಯಪಟ್ಟಣ ದಾಟಿದ ಮೇಲೆ, "ಮೈ ಕೈ ತುಂಬ್ಕೊಂಡು ಚೆಂದಾಗವ್ನೆ ಅಲ್ವಾ ಟೀಚ್ರಮ್ಮ?" ಎಂದಳು. ಹೌದು ಎಂದೆ. ಇಳಿಯುವ ಹೊತ್ತಿಗೆ ಮುಡಿಯಿಂದ ಹೂ ತೆಗೆದು, ಬಾಡಿದೆಯೇ ಎಂದು ನೋಡಿ, ನನ್ನ ಕೈಗೆ ಕೊಟ್ಟಳು.

ಅದಾದ ನಾಲ್ಕೈದು ದಿನಕ್ಕೆ, ಒಂದು ಮಧ್ಯಾಹ್ನ ಸಾರು ಕೊಡೋಣವೆಂದು ಅವಳ ಮನೆಗೆ ಹೋದೆ. ಹೊಸ ಗೇಟು ತೆಗೆದು ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ಅಕ್ಕಯ್ಯ ಜಗಲಿಯ ಕೆಳಗೆ ಕೂತಿದ್ದಳು. ಸೊಂಟಕ್ಕೆ ತಮ್ಮಯ್ಯನ ಹಗ್ಗ. ಇನ್ನೊಂದು ತುದಿ ಕಂಬಕ್ಕೆ.

"ಏನಕ್ಕಯ್ಯ ಇದು?"

"ಬೆಳಿಗ್ಗಿಂದ ಕಟ್ಕೊಂಡಿವ್ನಿ. ನೋಡಾನ ಅಂತ." ಅವಳ ದನಿಯಲ್ಲಿ ಅಳುವೇನೂ ಇರಲಿಲ್ಲ. "ನೋಯಕಿಲ್ಲ ಕಣೆ. ಅದು ನಿಜ. ಬಟ್ಟೆ ಸುತ್ತಿವ್ನಲ್ಲ, ಮೆತ್ತಗೇ ಐತೆ. ನೋಯ್ತಿರ್ನಿಲ್ಲ ಅವುನ್ಗೆ." ಎದ್ದು ನಾಲ್ಕು ಹೆಜ್ಜೆ ನಡೆದು ಹೊಂಗೆಮರದ ನೆರಳಿನ ಅಂಚಿಗೆ ಬಂದಳು. ಹಗ್ಗ ಬಿಗಿಯಿತು. "ಇಲ್ಲೀಗಂಟ ಬಂದ್ರೆ ತಡೀತದೆ ನೋಡು. ಇಲ್ಲಿಂದಾಚ್ಗೆ ಬುಡಾಕಿಲ್ಲ. ಅಲ್ಲೇನೋ ಇರ್ತದೆ, ಕಾಣ್ತದೆ, ಓಗಾಕಾಗಕಿಲ್ಲ. ಬೆಳಿಗ್ಗಿಂದ ಎಷ್ಟು ಸಲ ಮರ್ತು ಎದ್ನೋ, ಎದ್ದಾಗೆಲ್ಲ ಜಗ್ತು. ಆ ಮಗ ಬಾಯಿಲ್ದೋನು ಇಷ್ಟು ವರ್ಷ..."

ನಾನು ಸಾರಿನ ಪಾತ್ರೆ ಕೆಳಗಿಟ್ಟು ಅವಳ ಸೊಂಟದ ಗಂಟು ಬಿಚ್ಚಲು ಹೋದೆ. ನನ್ನ ಕೈಗೆ ಅದು ಬಿಚ್ಚಲು ಬರಲಿಲ್ಲ. ಅವಳೇ ಬಿಚ್ಚಿಕೊಂಡಳು.

"ಕಟ್ಟಿದ್ದಕ್ಕೇ ಅಲ್ವಾ ಅಕ್ಕಯ್ಯ ಅವನು ಬದುಕಿದ್ದು?" ಎಂದೆ.

"ಊ ಕಣವ್ವ," ಎಂದಳು. "ಅದೂ ನಿಜವೇಯ."

ಮಾರನೆಯ ವಾರ ಒಬ್ಬಳೇ ಹಾಸನಕ್ಕೆ ಹೋಗಿ, ನನ್ನನ್ನೂ ಇಲ್ಲೇ ಸೇರಿಸಿಕೊಳ್ಳಿ, ಅಡುಗೆ ಮಾಡುತ್ತೇನೆ, ಕಸ ಗುಡಿಸುತ್ತೇನೆ ಎಂದು ಕೇಳಿದಳಂತೆ. ಅದು ಗಂಡಸರ ಆಶ್ರಮ, ಹೆಂಗಸರು ಉಳಿಯುವ ಹಾಗಿಲ್ಲ ಎಂದರಂತೆ. ಭಾನುವಾರ ಬಂದು ನೋಡಿಕೊಂಡು ಹೋಗಲು ಮಾತ್ರ ಅಡ್ಡಿ ಇಲ್ಲ. ಹಾಗೇ ಹೋಗುತ್ತಿದ್ದಳು. ಅವನು ಬಂದು ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುವನು, ಅವಳು ತಂದದ್ದು ತಿನ್ನುವನು, ಚೆಂಡಿನ ಸದ್ದು ಕೇಳಿದರೆ ಎದ್ದು ಹೋಗುವನು. ಗೇಟಿನ ಕಡೆ ಮಾತ್ರ ಅವಳ ಜೊತೆ ಒಮ್ಮೆಯೂ ಬರಲಿಲ್ಲ. ಸಂಜೆ ಬಸ್ಸಿಳಿದು ಬಂದು, "ಇವತ್ತು ಸಾನೆ ಆಡ್ದ ಕಣೆ" ಎಂದು ನನಗೆ ವರದಿ ಒಪ್ಪಿಸುವಳು.

ಹಗ್ಗದ ಕೆಲಸ ಕುಂಟಿತು. ತಿರುಗಣಿಗೆ ಬೀದಿಯ ಯಾರನ್ನೋ ನಿಲ್ಲಿಸಿ ನೋಡಿದಳು. ನಾನೂ ನಿಂತೆ. ಎರಡು ಮಾರು ಬರುವಷ್ಟರಲ್ಲಿ ಅವಳಿಗೆ ರೇಗಿತು. "ಥೂ, ಎಂಗೆ ತಿರುಗುಸ್ತೀಯೆ? ಬುಡು, ಬುಡು." ಬೈದಾದ ಮೇಲೆ ನನ್ನ ಬೆನ್ನು ಸವರಿದಳು. ಸ್ವಲ್ಪ ಕಾಲ ಒಬ್ಬಳೇ ಕೂತು ಸಣ್ಣ ಹುರಿ ಹೊಸೆದಳು. ಕೊನೆಯ ಸಲ ಕಟ್ಟೆಗೆ ಹಾಕಿದ್ದ ಕತ್ತಾಳೆಯನ್ನು ತೆಗೆಯಲೇ ಇಲ್ಲ. ಹದ ಮೀರಿದರೆ ತಿರುಳಿನ ಜೊತೆ ನಾರೂ ಕೊಳೆಯುತ್ತದೆ. ದನ ನೀರು ಕುಡಿಯುವುದಿಲ್ಲವೆಂದು ಯಾರೋ ಕಂತೆಗಳನ್ನು ಎಳೆದು ಹಾಕಿದಾಗ ಹಿಡಿದ ಕೈಗೆ ಬರೀ ಕೆಸರು ಬಂತು. ಅಕ್ಕಯ್ಯನಿಗೆ ಹೇಳಿದರೆ, "ಊಂ, ಮರ್ತೋಯ್ತು" ಎಂದಳು. ಅವಳು ಏನನ್ನೂ ಮರೆಯುವವಳಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಗೇಟು ತೆರೆಯಲಿಲ್ಲ. ಹೋಗಿ ನೋಡಿದರೆ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ ಹಾಗೇ ಹೋಗಿಬಿಟ್ಟಿದ್ದಳು. ಆಶ್ರಮಕ್ಕೆ ನಾನೇ ಫೋನು ಮಾಡಿದೆ. ಮಣ್ಣಿಗೆ ಎತ್ತುವ ಹೊತ್ತಿಗೆ ವ್ಯಾನಿನಲ್ಲಿ ತಮ್ಮಯ್ಯನನ್ನು ಕರೆತಂದರು. ಮನೆ ಕಂಡರೆ ಹೆದರುತ್ತಾನೇನೋ ಎಂದು ನಮಗೆಲ್ಲ ಆತಂಕ. ಸೀದಾ ಅವಳ ಹೊಲಕ್ಕೇ ಕರೆದೊಯ್ದೆವು. ಬದುವಿನ ಉದ್ದಕ್ಕೂ ಅವಳು ಕುಯ್ಯದೆ ಬಿಟ್ಟ ಕತ್ತಾಳೆ ಆಳೆತ್ತರ ಬೆಳೆದಿತ್ತು. ಅದರ ಪಕ್ಕದಲ್ಲೇ ಗುಂಡಿ ತೆಗೆದಿದ್ದರು.

ಅವಳನ್ನು ಇಳಿಸಿದ ಮೇಲೆ ಹಿರಿಯರೊಬ್ಬರು, ಒಡಹುಟ್ಟಿದವನು ಮೊದಲು ಹಾಕಲಿ ಎಂದು ತಮ್ಮಯ್ಯನ ಕೈಗೆ ಒಂದು ಹಿಡಿ ಮಣ್ಣು ಕೊಟ್ಟು, "ಆಕಪ್ಪ" ಎಂದರು. ಅವನಿಗೆ ಹೇಳಿದ್ದನ್ನು ಮಾಡುವುದು ಈಗ ಅಭ್ಯಾಸವಾಗಿದೆ. ಹಾಕಿದ. ಮಣ್ಣು ಅವಳ ಕೆನ್ನೆಯ ಮೇಲೆ, ಮುಚ್ಚಿದ ಕಣ್ಣಿನ ಮೇಲೆ ಬಿತ್ತು.

ತಮ್ಮಯ್ಯ ಬಗ್ಗಿ ನೋಡಿದ. ಯಾರೂ ಹಿಡಿದುಕೊಳ್ಳುವ ಮೊದಲೇ ಅಂಚಿನಲ್ಲಿ ಕೂತು ಜಾರಿ ಒಳಗಿಳಿದ. ಮಂಡಿಯೂರಿ ಕೂತು, ಅಂಗಿಯ ಚುಂಗಿನಿಂದ ಅವಳ ಕಣ್ಣು ಒರೆಸಿದ. ಕೆನ್ನೆ ಒರೆಸಿದ. ತುಟಿಯ ಹತ್ತಿರ ಅಂಟಿದ್ದ ಮಣ್ಣನ್ನು ಬೆರಳ ತುದಿಯಿಂದ ತೆಗೆದು ತೆಗೆದು ಪಕ್ಕಕ್ಕೆ ಹಾಕಿದ. ಆಶ್ರಮದವನು ಇಳಿಯಲು ಹೋದ. ಹಿರಿಯರು ಅವನ ಭುಜ ಹಿಡಿದು ನಿಲ್ಲಿಸಿದರು.

ಗುದ್ದಲಿ ಹಿಡಿದವರು ಗುದ್ದಲಿ ಕೆಳಗಿಟ್ಟರು. ಯಾರಿಗೂ ಅವಸರವಿರಲಿಲ್ಲ. ಅವನು ಒರೆಸಿ ಮುಗಿಸಲಿ ಎಂದು ನಾವೆಲ್ಲ ಸುತ್ತ ನಿಂತುಕೊಂಡೆವು.